ಸಿಗ್ನಲ್ ಸಿಗದ ಕಾಡಿಗೆ ಯಾವ ಫೋನು?

ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ಮುತ್ತತ್ತಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಮೊಬೈಲ್ ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ಮಾಯವಾಗುತ್ತವೆ. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರಿನಿಂದ ನೂರು ಕಿಲೊಮೀಟರಿನ ಆಸುಪಾಸಿನಲ್ಲಿರುವ ಈ ಕಾಡು 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಣೆಯಾಯಿತು. ಮುತ್ತತ್ತಿಯ ಆಂಜನೇಯನಿಗೆ ಹರಕೆ ಒಪ್ಪಿಸಲು ಬರುವವರು, ಭೀಮೇಶ್ವರಿಯಲ್ಲಿ ನದಿ ನೋಡಲು ಬರುವವರು, ಬೇಟೆ ತಡೆ ಶಿಬಿರಗಳ ಕಾವಲುಗಾರರು, ಕಾಡಂಚಿನ ಹೊಲಗಳಲ್ಲಿ ರಾತ್ರಿ ಅಟ್ಟಣೆ ಏರಿ ಕೂರುವ ರೈತರು, ಇವರೆಲ್ಲರಿಗೂ ಅಪಾಯದ ಗಳಿಗೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ: ಸುದ್ದಿ ಮುಟ್ಟಿಸುವುದು ಹೇಗೆ?

ಕಾಡು ಸುತ್ತುವ ಹವ್ಯಾಸವಿರುವ ನನ್ನನ್ನು ಮಂಡ್ಯದ ಪರಿಚಿತರು ಈಚೆಗೆ ಪದೇ ಪದೇ ಕೇಳುವುದು ಇದನ್ನೇ. ಹಲವರ ಮಕ್ಕಳು ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ಅಲ್ಲಿ ಚಾರಣಿಗರ ಬೆನ್ನುಚೀಲಕ್ಕೆ ಅಂಗೈಯಗಲದ ಉಪಗ್ರಹ ಸಂದೇಶ ಸಾಧನ ಸಿಕ್ಕಿಸಿಕೊಳ್ಳುವುದು ಸಾಮಾನ್ಯ ಸಂಗತಿ. ‘ಮಗ ರಜೆಗೆ ಬರುವಾಗ ಅಂಥದ್ದೊಂದು ತರಲಿ ಬಿಡಿ’ ಎನ್ನುವವರಿಗೆ ನಾನು ಕೊಡುವ ಉತ್ತರ ಅವರಿಗೆ ನಿರಾಸೆ ತರುತ್ತದೆ. ಅಲ್ಲಿ ಜೀವರಕ್ಷಕವೆನಿಸಿದ ಸಾಧನ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಅಪರಾಧದ ಸಾಕ್ಷ್ಯವಾಗಬಹುದು.

ಇದು ಉತ್ಪ್ರೇಕ್ಷೆಯಲ್ಲ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಗಾರ್ಮಿನ್ ಇನ್‌ರೀಚ್ ಎಂಬ ಸಾಧನ ಇಟ್ಟುಕೊಂಡಿದ್ದ ಕಾರಣಕ್ಕೆ ವಶಕ್ಕೆ ಪಡೆಯಲಾಯಿತು. ಆ ಬಳಿಕ ವಿದೇಶಿ ರಾಯಭಾರ ಕಚೇರಿಗಳು ತಮ್ಮ ಪ್ರಜೆಗಳಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟವು. ಉಪಗ್ರಹ ಫೋನ್ ಮೇಲಿನ ನಿರ್ಬಂಧವನ್ನು ಪ್ರಯಾಣಿಕರಿಗೆ ತಿಳಿಸುವಂತೆ ವಿಮಾನಯಾನ ಸಂಸ್ಥೆಗಳಿಗೂ ಸೂಚನೆ ಹೋಯಿತು. ತುರಾಯಾ ಮತ್ತು ಇರಿಡಿಯಂ ಜಾಲದ ಫೋನುಗಳಿಗೆ ನಮ್ಮಲ್ಲಿ ಅವಕಾಶವಿಲ್ಲ. ಇನ್‌ರೀಚ್ ಸಂದೇಶ ಕಳಿಸುವುದೂ ಇದೇ ಇರಿಡಿಯಂ ಉಪಗ್ರಹಗಳ ಮೂಲಕ. 1885ರ ತಂತಿ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆಯಾದರೂ, ರೇಡಿಯೊ ಸಾಧನ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕೆಂಬ ಮೂಲತತ್ವ ಬದಲಾಗಿಲ್ಲ.

ಈ ನಿರ್ಬಂಧದ ಹಿಂದೆ ಕಾರಣವಿಲ್ಲವೆಂದಲ್ಲ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ನಡೆಸಿದವರು ಸಮುದ್ರಮಾರ್ಗದಲ್ಲಿ ಬರುವಾಗ ಉಪಗ್ರಹ ಫೋನ್ ಬಳಸಿದ್ದರು. ಕರಾವಳಿ ಮತ್ತು ಮಲೆನಾಡಿನ ಕಾಡುಗಳಲ್ಲಿ ಅನಧಿಕೃತ ಉಪಗ್ರಹ ಕರೆಗಳ ಸುಳಿವು ಸಿಕ್ಕಿ ಪೊಲೀಸರು ಶೋಧಕ್ಕಿಳಿದ ವರದಿಗಳನ್ನೂ ಓದಿದ್ದೇವೆ. ಕಾವೇರಿ ತೀರದ ಕಾಡುಗಳಿಗಂತೂ ವೀರಪ್ಪನ್ ಕಾಲದ ನೆನಪು ಇನ್ನೂ ಹಸಿರಾಗಿದೆ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ, 108 ದಿನಗಳ ಕಾಲ ಕಾಡಿನೊಳಗಿನ ಸುದ್ದಿ ನಾಡಿಗೆ ತಲುಪಿದ್ದು ಮಧ್ಯವರ್ತಿಗಳು ಹೊತ್ತು ತಂದ ಕ್ಯಾಸೆಟ್‌ಗಳ ಮೂಲಕ. ಇಂಥ ಕಾಡಿನಲ್ಲಿ ಯಾರು ಯಾರೊಂದಿಗೆ ಮಾತನಾಡುತ್ತಿದ್ದಾರೆ ಎಂಬುದು ತಿಳಿದಿರಬೇಕೆಂದು ಪ್ರಭುತ್ವ ಬಯಸುವುದು ಅಸಹಜವಲ್ಲ.

ಆದರೆ ಒಂದು ದಾರಿಯನ್ನು ಮುಚ್ಚಿದ ಪ್ರಭುತ್ವಕ್ಕೆ ಇನ್ನೊಂದನ್ನು ತೆರೆಯುವ ಹೊಣೆಯೂ ಇದೆ. ನಮ್ಮ ದೂರಸಂಪರ್ಕ ನೀತಿ ಎಡವಿರುವುದು ಇಲ್ಲಿ. ಬಿಎಸ್‌ಎನ್‌ಎಲ್ 2017ರ ಮೇ ತಿಂಗಳಲ್ಲಿ ಇನ್‌ಮಾರ್‌ಸ್ಯಾಟ್ ಜಾಲದ ಉಪಗ್ರಹ ಫೋನ್ ಸೇವೆ ಆರಂಭಿಸಿತು. ಕಾನೂನಿನ ಚೌಕಟ್ಟಿನೊಳಗಿರುವ ಈ ಸೇವೆ ಮೊದಲು ದೊರೆತದ್ದು ವಿಪತ್ತು ನಿರ್ವಹಣೆ, ಪೊಲೀಸ್, ಗಡಿ ಭದ್ರತೆಯಂಥ ಸರ್ಕಾರಿ ಸಂಸ್ಥೆಗಳಿಗೆ. ಪರವಾನಗಿಯ ವಿಧಿವಿಧಾನ ಹಾಗೂ ವೆಚ್ಚಗಳನ್ನು ನೋಡಿದರೆ, ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋಗುವ ಶಾಲಾ ಶಿಕ್ಷಕರಿಗಾಗಲೀ ಸಣ್ಣದೊಂದು ಚಾರಣ ಸಂಘಕ್ಕಾಗಲೀ ಅದು ಕೈಗೆಟುಕುವ ವಸ್ತುವಲ್ಲ.

ಇದರ ಪರಿಣಾಮ ಎಷ್ಟು ಗಂಭೀರವಾಗಬಲ್ಲದು ಎಂಬುದನ್ನು 2024ರ ಜೂನ್‌ನಲ್ಲಿ ಕನ್ನಡಿಗರು ನೋವಿನಿಂದ ಕಂಡರು. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಉತ್ತರಾಖಂಡದ ಸಹಸ್ತ್ರತಾಲ್‌ಗೆ ಹೊರಟಿದ್ದ 22 ಜನರ ತಂಡ ಹಿಂದಿರುಗುವಾಗ ಹಿಮಬಿರುಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು, 13 ಮಂದಿ ಪಾರಾದರು. ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಧಾವಿಸಿ ರಕ್ಷಣಾ ಕಾರ್ಯದ ಸಮನ್ವಯ ನಡೆಸಿದರು. ವಾಯುಪಡೆಯ ಹೆಲಿಕಾಪ್ಟರ್‌ಗಳೂ ನೆರವಿಗೆ ಬಂದವು. ಉಪಗ್ರಹ ಸಾಧನವೊಂದಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎನ್ನುವುದು ದುಡುಕಿನ ಮಾತು. ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರಲಾರದು. ಆದರೆ ಮೊಬೈಲ್ ಸಿಗ್ನಲ್ ಇಲ್ಲದ ಎತ್ತರದಲ್ಲಿ ಅಪಾಯಕ್ಕೆ ಸಿಲುಕಿದವರಿಗೆ ಸುದ್ದಿ ಹೊರಗೆ ಮುಟ್ಟಿಸುವುದೇ ಮೊದಲ ಹೋರಾಟ. ಕೊರೆಯುವ ಚಳಿಯಲ್ಲಿ ಒಂದೊಂದು ಗಂಟೆಗೂ ಜೀವದ ಬೆಲೆಯಿರುತ್ತದೆ.

ಹಾಗಾದರೆ ಸಾಮಾನ್ಯ ಸ್ಮಾರ್ಟ್‌ಫೋನಿನಿಂದ ಏನು ಪ್ರಯೋಜನ? ಇಲ್ಲಿ ಅನೇಕ ವಿದ್ಯಾವಂತರಲ್ಲಿಯೂ ಇರುವ ಗೊಂದಲವೊಂದನ್ನು ಬಿಡಿಸಬೇಕು. ಫೋನ್ ತಾನಿರುವ ಸ್ಥಳವನ್ನು ತಿಳಿಯುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೊಮೀಟರ್ ಎತ್ತರದಿಂದ ಸಂಕೇತ ಬಿತ್ತುತ್ತಿರುತ್ತವೆ. ರೇಡಿಯೊ ಕೇಳಿದಂತೆ ಫೋನ್ ಅದನ್ನು ಕೇಳಿಸಿಕೊಂಡು ಸ್ಥಾನವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಮೊಬೈಲ್ ಗೋಪುರವೂ ಬೇಡ, ಇಂಟರ್‌ನೆಟ್ಟೂ ಬೇಡ. ಆದ್ದರಿಂದ ಹೊರಡುವ ಮುನ್ನವೇ ನಕ್ಷೆಯನ್ನು ಇಳಿಸಿಕೊಂಡಿದ್ದರೆ ಬಸವನಬೆಟ್ಟದ ನಡುಗಾಡಿನಲ್ಲಿಯೂ ದಾರಿ ತಿಳಿದೀತು. ಆದರೆ ಕಾಲು ಮುರಿದುಕೊಂಡು ಬಿದ್ದಿರುವುದನ್ನು ಮಳವಳ್ಳಿಗೆ ತಿಳಿಸಲು ಆ ಉಪಗ್ರಹಗಳಿಂದ ಸಾಧ್ಯವಿಲ್ಲ. ಅದಕ್ಕೆ ಸಂಕೇತ ಮೇಲಕ್ಕೆ ಹೋಗುವ ವ್ಯವಸ್ಥೆಯೇ ಬೇಕು.

ಅಂಥ ವ್ಯವಸ್ಥೆಗಳೂ ಒಂದೇ ಬಗೆಯವಲ್ಲ. ಇರಿಡಿಯಂನ 66 ಉಪಗ್ರಹಗಳು ಸುಮಾರು 780 ಕಿಲೊಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುತ್ತವೆ. ಇನ್‌ಮಾರ್‌ಸ್ಯಾಟ್‌ನವು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ ಸಮಭಾಜಕದ ಮೇಲೆ ನಿಂತಂತೆ ತೋರುತ್ತವೆ. ಯಾವುದೇ ಆಗಲಿ, ಆಕಾಶ ತೆರೆದು ಕಾಣಬೇಕು. ದಟ್ಟ ಮರಗಳ ಅಡಿಯಲ್ಲಿ, ಕಾವೇರಿ ಕೊರೆದ ಕಮರಿಗಳ ತಳದಲ್ಲಿ ಎಷ್ಟೇ ಬೆಲೆಯ ಸಾಧನವೂ ತಡವರಿಸುತ್ತದೆ. ಆಪಲ್ ಕಂಪನಿ 2022ರ ನವೆಂಬರಿನಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಆರಂಭಿಸಿದ ಉಪಗ್ರಹ ತುರ್ತು ಸಂದೇಶ ಸೌಲಭ್ಯ ಭಾರತದಲ್ಲಿ ತೆರೆದಿಲ್ಲ. ಅದನ್ನು ನಂಬಿ ದುಬಾರಿ ಫೋನ್ ಕೊಳ್ಳುವುದು ವ್ಯರ್ಥ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಕೇಂದ್ರದ ಪರವಾನಗಿ ದೊರೆತದ್ದು ದೊಡ್ಡ ಸುದ್ದಿಯಾಯಿತು. ಆದರೆ ಅದು ಮುಖ್ಯವಾಗಿ ತಟ್ಟೆಯಂಥ ಆಂಟೆನಾ ನೆಟ್ಟು ಬ್ರಾಡ್‌ಬ್ಯಾಂಡ್ ಪಡೆಯುವ ವ್ಯವಸ್ಥೆಯೇ ಹೊರತು ಕಾಲುದಾರಿಯಲ್ಲಿ ನಡೆಯುವವನ ಕಿಸೆಯ ಸಂಗಾತಿಯಲ್ಲ.

ಮೊಬೈಲ್ ಗೋಪುರಗಳನ್ನೇ ಹೆಚ್ಚಿಸಬಾರದೇ ಎಂದು ಕೇಳಬಹುದು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ₹26,316 ಕೋಟಿಯ ಯೋಜನೆಗೆ 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸ್ವಾಗತಾರ್ಹವೇ. ಆದರೆ ಅದರ ಲೆಕ್ಕ ಹಳ್ಳಿಗಳದ್ದು. ಹಳ್ಳಿಯಿಲ್ಲದ ಕಡೆ ಕೆಲಸ ಮಾಡುವ ಮನುಷ್ಯರು ಆ ಲೆಕ್ಕಕ್ಕೆ ಸಿಗುವುದಿಲ್ಲ. ವನ್ಯಧಾಮದ ಒಡಲಲ್ಲಿ ಗೋಪುರ, ವಿದ್ಯುತ್ ತಂತಿ, ಅದಕ್ಕೊಂದು ರಸ್ತೆ ಎಂದು ಹೊರಟರೆ ಕಾಡೇ ಉಳಿಯದು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ ತಾಲ್ಲೂಕು ಇದು. ಇಲ್ಲಿನ ಕಾಡು ಹೊರಗಿನವರ ಅಗತ್ಯಕ್ಕಾಗಿ ಈಗಾಗಲೇ ಸಾಕಷ್ಟು ತಂತಿಗಳನ್ನು ಹೊತ್ತಿದೆ.

ನನ್ನ ಪಾಲಿಗೆ ಈ ಚರ್ಚೆಯ ಕೇಂದ್ರದಲ್ಲಿ ಇರಬೇಕಾದವನು ವಾರಾಂತ್ಯದ ಚಾರಣಿಗನಲ್ಲ. ಅವನು ಇಷ್ಟಪಟ್ಟು ಹೋಗುತ್ತಾನೆ, ಬೇಡವೆನಿಸಿದರೆ ಮನೆಯಲ್ಲಿರುತ್ತಾನೆ. ಕಾಡಾನೆಗಳು ವನ್ಯಧಾಮದಿಂದ ಹೊರಬಂದು ಮಳವಳ್ಳಿಯ ರಾಗಿ ಹೊಲಗಳಿಗೂ ಮದ್ದೂರಿನ ಕಬ್ಬಿನ ಗದ್ದೆಗಳಿಗೂ ನುಗ್ಗುವಾಗ ಕತ್ತಲಲ್ಲಿ ಎದುರು ನಿಲ್ಲುವ ರೈತನಿಗೆ ಮತ್ತು ದಿನಗೂಲಿಯ ಅರಣ್ಯ ಕಾವಲುಗಾರನಿಗೆ ಅಂಥ ಆಯ್ಕೆಯಿಲ್ಲ. ಆನೆಗಳ ಚಲನವಲನ ತಿಳಿಯಲು ಅರಣ್ಯ ಇಲಾಖೆ ರೇಡಿಯೊ ಕಾಲರ್ ತೊಡಿಸುತ್ತದೆ. ಹಾಸನ ಜಿಲ್ಲೆಯಲ್ಲಿ ಇದು ನಡೆದಿದೆ. ಆನೆಯ ಕೊರಳಿಗೆ ಕಟ್ಟಲು ಸಾಧ್ಯವಾದ ತಂತ್ರಜ್ಞಾನ ಅದೇ ಆನೆಯನ್ನು ಕಾಯುವ ಮನುಷ್ಯನ ಸೊಂಟಕ್ಕೆ ಏಕೆ ಬರಬಾರದು?

ಇದಕ್ಕೆ ವಿದೇಶದತ್ತ ನೋಡಬೇಕಾಗಿಯೂ ಇಲ್ಲ. ವಿಮಾನ, ಹಡಗು ಮತ್ತು ವ್ಯಕ್ತಿಗಳ ಅಪಾಯ ಸಂಕೇತವನ್ನು 406 ಮೆಗಾಹರ್ಟ್ಸ್ ತರಂಗದಲ್ಲಿ ಹಿಡಿಯುವ ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತಿದೆ. ಅದರ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಇಸ್ರೊ ಅಂಗಸಂಸ್ಥೆ ಇಸ್ಟ್ರಾಕ್‌ನಲ್ಲಿ. ಮೀನುಗಾರರಿಗೆಂದು ಇಸ್ರೊ ರೂಪಿಸಿದ ಅಪಾಯ ಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದ್ದು, 20 ಸಾವಿರಕ್ಕೂ ಹೆಚ್ಚು ದೋಣಿಗಳಿಗೆ ತಲುಪಿದೆ. 2024ರ ಜನವರಿಯಲ್ಲಿ ಅದರ ಎರಡನೇ ತಲೆಮಾರು ಬಂದಿತು. ಗುಂಡಿ ಒತ್ತಿದವನಿಗೆ ‘ನಿಮ್ಮ ಕರೆ ತಲುಪಿದೆ, ನೆರವು ಬರುತ್ತಿದೆ’ ಎಂಬ ಮರುಸಂದೇಶವೂ ಸಿಗುವುದು ಇದರ ಹೆಚ್ಚುಗಾರಿಕೆ. ನಡುಗಡಲಿನ ಮೀನುಗಾರನಿಗೆ ದಕ್ಕಿದ್ದು ನಡುಗಾಡಿನ ಕಾವಲುಗಾರನಿಗೆ ದಕ್ಕಬಾರದು ಎನ್ನಲು ತಾಂತ್ರಿಕ ಕಾರಣ ನನಗೆ ಕಾಣುತ್ತಿಲ್ಲ.

ಭದ್ರತೆಯ ಆತಂಕಕ್ಕೂ ಇದರಲ್ಲಿಯೇ ಉತ್ತರವಿದೆ. ಇಂಥ ಯಂತ್ರದಿಂದ ಗುಟ್ಟು ಮಾತನಾಡಲು ಆಗದು. ಪ್ರತಿ ಯಂತ್ರಕ್ಕೂ ನೋಂದಣಿ ಸಂಖ್ಯೆಯಿರುತ್ತದೆ, ಸಂದೇಶ ನೇರ ಸರ್ಕಾರಿ ಕೇಂದ್ರಕ್ಕೇ ಹೋಗುತ್ತದೆ. ಅರಣ್ಯ ಇಲಾಖೆಯೇ ಪರವಾನಗಿ ಪಡೆದು, ಬೇಟೆ ತಡೆ ಶಿಬಿರಗಳಿಗೆ ಮೊದಲು, ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ಅನಂತರ ಇವನ್ನು ಕೊಡಬಹುದು. ಚಾರಣಕ್ಕೆ ಅನುಮತಿ ನೀಡುವ ತನಿಖಾ ಠಾಣೆಗಳಲ್ಲಿ ಗುರುತಿನ ಚೀಟಿ ಪಡೆದು, ಠೇವಣಿ ಇರಿಸಿಕೊಂಡು, ಬಾಡಿಗೆಗೂ ನೀಡಬಹುದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಬಳಿಕ ಚಾರಣಕ್ಕೆ ಆನ್‌ಲೈನ್ ನೋಂದಣಿ ತಂದ ಇಲಾಖೆಗೆ ಈ ಇನ್ನೊಂದು ಹೆಜ್ಜೆ ಅಸಾಧ್ಯವೇನಲ್ಲ. ನೋಂದಣಿ ಜನರನ್ನು ಎಣಿಸಿಕೊಳ್ಳುತ್ತದೆ. ಎಣಿಸಿದವರನ್ನು ಕ್ಷೇಮವಾಗಿ ಹಿಂದಕ್ಕೆ ಕರೆತರುವುದೂ ಅದೇ ಕರ್ತವ್ಯದ ಭಾಗ.

ಅಲ್ಲಿಯವರೆಗೆ ಓದುಗರು ಮಾಡಬೇಕಾದುದೇನು? ವಿದೇಶದಿಂದ ಉಪಗ್ರಹ ಸಾಧನ ತರಿಸಬೇಡಿ. ಫೋನ್ ಆಯ್ಕೆ ಮಾಡುವಾಗ ಕ್ಯಾಮೆರಾಕ್ಕಿಂತ ಬ್ಯಾಟರಿಯ ಬಾಳಿಕೆ, ನೀರು ತಡೆಯುವ ಗುಣ ಮತ್ತು ಜಿಪಿಎಸ್‌ನ ನಿಖರತೆಯನ್ನು ನೋಡಿ. ಸಿಗ್ನಲ್ ಇಲ್ಲದ ಕಡೆ ಫೋನ್ ಗೋಪುರವನ್ನು ಹುಡುಕಿ ಹುಡುಕಿ ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ. ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಜೊತೆಗೊಂದು ಪವರ್ ಬ್ಯಾಂಕ್ ಇರಲಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದರೆ 112ಕ್ಕೆ ತುರ್ತು ಕರೆ ಸಾಮಾನ್ಯವಾಗಿ ಹೋಗುತ್ತದೆ. ಕರೆ ನಿಲ್ಲದ ಕಡೆ ಎಸ್ಸೆಮ್ಮೆಸ್ ದಾಟಿಕೊಳ್ಳುವುದುಂಟು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ, ಮರಳದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೊರಡಿ. ಒಂದು ಸೀಟಿ, ಒಂದು ಟಾರ್ಚ್ ಚೀಲದಲ್ಲಿರಲಿ. ಇವಕ್ಕೆ ಯಾವ ಪರವಾನಗಿಯೂ ಬೇಡ.

ಸಾಧನ ಕೊಡುವ ಹುಸಿ ಧೈರ್ಯದ ಬಗೆಗೂ ಎಚ್ಚರವಿರಬೇಕು. ಮುತ್ತತ್ತಿಯ ಸುಳಿಗಳಲ್ಲಿ ಈಜಲು ಇಳಿದು ಸತ್ತವರ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ನೀರಿನಲ್ಲಿ ಮುಳುಗುತ್ತಿರುವವನಿಗೆ ಉಪಗ್ರಹ ನೆರವಾಗದು. ದಡದಲ್ಲಿ ಹಗ್ಗ ಹಿಡಿದ ಈಜುಗಾರ ಬೇಕು. ಹಾಗೆಯೇ ಸಂದೇಶ ಎಷ್ಟೇ ಬೇಗ ತಲುಪಿದರೂ ಹೊರಡಲು ಆಂಬುಲೆನ್ಸ್, ಹುಡುಕಲು ತರಬೇತಾದ ತಂಡ, ಚಿಕಿತ್ಸೆಗೆ ಸಮೀಪದಲ್ಲೊಂದು ಆಸ್ಪತ್ರೆ ಇಲ್ಲವಾದರೆ ಅದು ಅರಣ್ಯರೋದನವೇ ಸರಿ.

ಭಾರತದ ಪಥನಿರ್ದೇಶನ ಉಪಗ್ರಹಗಳ ಕೇಂದ್ರ 2013ರಿಂದ ಬ್ಯಾಲಾಳುವಿನಲ್ಲಿದೆ. ಇನ್ಸ್ಯಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ. ಅಪಾಯದ ಕರೆ ಕೇಳಿಸಿಕೊಳ್ಳುವ ಕಿವಿ ಬೆಂಗಳೂರಿನಲ್ಲಿದೆ. ಈ ಮೂರರ ನಡುವೆ ಇರುವ ಮಂಡ್ಯ ಜಿಲ್ಲೆಯ ಕಾಡಂಚಿನಲ್ಲಿ ಆನೆಗೆ ಎದುರಾದವನು ಕೈಬಾಯಿಗಳನ್ನೇ ನಂಬಿ ಕೂಗಬೇಕಾಗಿರುವುದಕ್ಕೆ ತಂತ್ರಜ್ಞಾನದ ಕೊರತೆಯನ್ನು ದೂರುವಂತಿಲ್ಲ. ಕೊರತೆಯಿರುವುದು ಅವನ ಜೀವಕ್ಕೆ ನಾವು ಕಟ್ಟಿರುವ ಬೆಲೆಯಲ್ಲಿ.