ಬಾಗಿಲು ಹಾಕಿದ ಮನೆಯಲ್ಲಿ ಪತ್ತೇದಾರ

ಶಾರ್ವರಿ ಸಂವತ್ಸರದ ಯುಗಾದಿ 2020ರ ಮಾರ್ಚ್ 25ರಂದು ಬಂದಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತ ಇಪ್ಪತ್ತೊಂದು ದಿನಗಳಲ್ಲಿ ಮೊದಲನೆಯದೂ ಅದೇ. ಶಾರ್ವರಿಯೆಂದರೆ ರಾತ್ರಿಯೆಂದು ಅರ್ಥ. ಹೊಸ ವರ್ಷದ ಹೆಸರು ಇಷ್ಟು ಬೇಗ ಅನ್ವರ್ಥವಾದೀತೆಂದು ಪಂಚಾಂಗ ಶ್ರವಣಕ್ಕೆ ಕುಳಿತವರಾರೂ ಎಣಿಸಿರಲಾರರು. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಆ ಬೆಳಗ್ಗೆ ತೋರಣಕ್ಕೆ ಮಾವಿನೆಲೆ ಸಂಪಾದಿಸುವುದೇ ಒಂದು ಸಾಹಸವಾಯಿತು. ಬೇವಿಗೇನೋ ಬರವಿರಲಿಲ್ಲ. ಹೋಳಿಗೆಯ ಬೇಳೆಯನ್ನು ಮುಂಜಾಗ್ರತೆಯಿಂದ ತಂದಿಟ್ಟವರು ಹಬ್ಬ ಮಾಡಿದರು. ಉಳಿದವರು ಪಾಯಸಕ್ಕೆ ತೃಪ್ತರಾದರು.

ಹಿಂದೊಮ್ಮೆ ಹೊಲಗಳ ನಡುವಣ ಹಳ್ಳಿಯಾಗಿದ್ದು, ಈಗ ಬನಶಂಕರಿ ಮೂರನೆಯ ಹಂತದ ಒಳಗೆ ಹೆಸರನ್ನು ಮಾತ್ರ ಉಳಿಸಿಕೊಂಡಿರುವ ಈ ಬಡಾವಣೆಗೆ ಮೌನವೆಂಬುದು ಅಪರಿಚಿತ ವಸ್ತು. ವರ್ತುಲ ರಸ್ತೆಯ ಲಾರಿಗಳು, ಬಸ್ಸುಗಳು, ತಿರುವಿನಲ್ಲಿ ಪರಸ್ಪರ ಬೈದಾಡುವ ಆಟೋಗಳು, ಇವೆಲ್ಲ ಒಮ್ಮೆಗೇ ನಿಂತಾಗ ಹಿಂದಿನ ಮನೆಯ ಕುಕ್ಕರಿನ ಸೀಟಿ ಮುಂದಿನ ಬೀದಿಗೆ ಕೇಳಿಸತೊಡಗಿತು. ಕೋಗಿಲೆ ಅಷ್ಟು ದಿನವೂ ಕೂಗುತ್ತಲೇ ಇದ್ದಿತೆಂಬುದು ಆಗ ತಿಳಿಯಿತು.

ಈ ನಗರಕ್ಕೆ ಸಾಂಕ್ರಾಮಿಕ ಹೊಸದಲ್ಲ. 1898ರಲ್ಲಿ ಪ್ಲೇಗು ಬಂದಾಗ ಜನ ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರು; ಆ ಭಯದಿಂದಲೇ ಪಕ್ಕದ ಬಸವನಗುಡಿಯೂ ಅತ್ತ ಮಲ್ಲೇಶ್ವರವೂ ವಿಶಾಲವಾದ ಬೀದಿಗಳ ಬಡಾವಣೆಗಳಾಗಿ ಎದ್ದವು. ಅಂದು ಮನೆಯಲ್ಲಿ ಉಳಿಯುವುದು ಅಪಾಯ, ಇಂದು ಮನೆ ಬಿಡುವುದು ಅಪಾಯ. ಊರ ಹೊರಗಿನ ಗುಡಿಸಲಿನಲ್ಲಿ ಕಾಲ ಕಳೆಯುವ ಸಮಸ್ಯೆಯಿತ್ತೋ ಇಲ್ಲವೋ, ಎರಡು ಕೋಣೆಯ ಮನೆಯಲ್ಲಿ ಮಾತ್ರ ಅದು ಮೂರನೆಯ ದಿನಕ್ಕೇ ತಲೆದೋರಿತು.

ಕತ್ರಿಗುಪ್ಪೆಯ ಅಡ್ಡರಸ್ತೆಯೊಂದರ ಮಧ್ಯಮ ವರ್ಗದ ಸಂಸಾರವೊಂದನ್ನು ವಾಚಕರು ಊಹಿಸಿಕೊಳ್ಳಲಿ. ಎಂಬತ್ತು ದಾಟಿದ ಅಜ್ಜಿ, ಮಲಗುವ ಕೋಣೆಯನ್ನೇ ಕಚೇರಿಯಾಗಿಸಿಕೊಂಡು, ಮೇಲೆ ಇಸ್ತ್ರಿ ಮಾಡಿದ ಅಂಗಿ ಕೆಳಗೆ ಪಂಚೆ ಉಟ್ಟು ಕಂಪ್ಯೂಟರಿನೆದುರು ಕೂರುವ ಯಜಮಾನರು, ಗೃಹಿಣಿ, ಎಸ್.ಎಸ್.ಎಲ್.ಸಿ. ಓದುವ ಮಗಳು. ಮಾರ್ಚ್ 27ರಂದು ಪ್ರಾರಂಭವಾಗಬೇಕಾಗಿದ್ದ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಎಂದಿಗೆಂದು ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆ ಸಿದ್ಧಳಾಗಿ ನಿಂತ ಹುಡುಗಿಗೆ ಪರೀಕ್ಷೆಯೇ ಇಲ್ಲವೆಂದರೆ ಅದು ಸುಖವೂ ಅಲ್ಲ, ದುಃಖವೂ ಅಲ್ಲ. ಕೈಯಲ್ಲಿ ಇತಿಹಾಸದ ಪುಸ್ತಕ, ಕಣ್ಣು ಗೋಡೆಯ ಮೇಲೆ.

ಇಂತಹ ಮನೆಗಳಿಗೆ ದೂರದರ್ಶನ ಒಂದು ವೇಳಾಪಟ್ಟಿಯನ್ನು ಕೊಟ್ಟಿತು. ಮಾರ್ಚ್ 28ರಿಂದ ಬೆಳಗ್ಗೆ ಒಂಬತ್ತಕ್ಕೆ ಹಳೆಯ ರಾಮಾಯಣ. ಹನ್ನೊಂದಕ್ಕೆ ಬ್ಯೋಮಕೇಶ ಬಕ್ಷಿ. ರಾಮಾಯಣದ ಪುನರಾಗಮನದ ವಿಷಯ ಎಲ್ಲರೂ ಮಾತನಾಡಿದರು. ಬ್ಯೋಮಕೇಶನ ಬಗೆಗೆ ಅಷ್ಟು ಮಾತು ಕೇಳಿಬರಲಿಲ್ಲ. ಆದರೆ ಹುಳಿಗೆ ಒಗ್ಗರಣೆ ಬೀಳುವುದು ಹತ್ತೂಮುಕ್ಕಾಲಕ್ಕೆ ಮುಗಿಯಬೇಕೆಂಬ ಕಟ್ಟಳೆ ಬಂದದ್ದು ಅವನಿಂದಲೇ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬಂಗಾಳಿಯಲ್ಲಿ ಸೃಷ್ಟಿಸಿದ ಈ ಪುರುಷ ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳಲೊಪ್ಪದೆ ‘ಸತ್ಯಾನ್ವೇಷಿ’ ಎಂದು ಹೇಳಿಕೊಳ್ಳುವವನು. ಬಾಸು ಚಟರ್ಜಿಯವರು 1993ರಲ್ಲಿ ಅವನನ್ನು ಹಿಂದಿಯ ಧಾರಾವಾಹಿಗೆ ತಂದರು. ರಜಿತ್ ಕಪೂರ್ ಅವನಾಗಿ ನಟಿಸಿದರು. ಪಿಸ್ತೂಲು ಹಿಡಿದು ಓಡುವುದಿಲ್ಲ. ಪಂಚೆಯುಟ್ಟು ಚಹಾ ಕುಡಿಯುತ್ತ ಯೋಚಿಸುತ್ತಾನೆ. ಅಜ್ಜಿಗೆ ಹಿಂದಿ ಬಾರದು. ಮೊಮ್ಮಗಳು ಅರ್ಥ ಹೇಳಬೇಕು. ಅರ್ಥ ಹೇಳುವುದಕ್ಕೆ ಮೊದಲೇ ಅಜ್ಜಿ, “ಆ ಮೀಸೆಯವನನ್ನು ನೋಡಿಕೊಳ್ಳೇ, ಅವನ ಕಣ್ಣು ಸರಿಯಿಲ್ಲ,” ಎನ್ನುವರು. ಭಾಷೆ ತಿಳಿಯದವರಿಗೆ ಮುಖ ಚೆನ್ನಾಗಿ ತಿಳಿಯುತ್ತದೆಂದು ಕಾಣುತ್ತದೆ. ಎರಡಕ್ಕೆ ಒಂದರಂತೆ ಅವರ ಮಾತು ನಿಜವಾಗುತ್ತಿತ್ತು.

ಅಷ್ಟಕ್ಕೆ ತೃಪ್ತಿಯಾಗದೆ ಅಟ್ಟದ ಟ್ರಂಕೂ ಕೆಳಗಿಳಿಯಿತು. ಬೆಂಗಳೂರಿನ ಹಳೆಯ ಸಂಸಾರಗಳ ಅಟ್ಟವನ್ನು ತಡಕಿದರೆ ಎನ್. ನರಸಿಂಹಯ್ಯನವರ ಒಂದೆರಡು ಪುಸ್ತಕಗಳಾದರೂ ಸಿಗುವುದುಂಟು. ಚಿಕ್ಕಮಗಳೂರಿನ ಕಡೆಯ ಈ ಲೇಖಕರ ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತ್ತು. ‘ಪತ್ತೇದಾರ ಪುರುಷೋತ್ತಮ’ ಎಂಬ ಮೊದಲ ಕಾದಂಬರಿಯಿಂದ ತೊಡಗಿ ಅವರು ಬರೆದದ್ದು ಐನೂರಕ್ಕೂ ಮಿಕ್ಕಿದ ಕಾದಂಬರಿಗಳನ್ನು. ಪುರುಷೋತ್ತಮ, ಅರಿಂಜಯ, ಮಧುಸೂದನರೆಂಬ ಅವರ ಪತ್ತೇದಾರರು ವಿಮರ್ಶಕರ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಆದರೆ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಮೂಲಕ ಅಂಗಡಿಯ ಗುಮಾಸ್ತರನ್ನೂ ಗಿರಣಿಯ ಕೆಲಸಗಾರರನ್ನೂ ಪಠ್ಯಪುಸ್ತಕದ ಮರೆಯಲ್ಲಿ ಕದ್ದೋದುವ ಹುಡುಗರನ್ನೂ ತಲುಪಿದರು. ಅಕ್ಷರ ಕಲಿತೂ ಓದದೆ ಇದ್ದವರನ್ನು ಓದುವಂತೆ ಮಾಡಿದ ಪುಣ್ಯ ಕನ್ನಡದಲ್ಲಿ ಯಾರಿಗೆ ಎಷ್ಟು ಸಲ್ಲಬೇಕೆಂದು ಲೆಕ್ಕ ಹಾಕುವ ದಿನ ಬಂದರೆ ನರಸಿಂಹಯ್ಯನವರ ಪಾಲು ಸಣ್ಣದಾಗಲಾರದು. 2011ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಟ್ರಂಕಿನಿಂದ ಹೊರಬಂದ ಇನ್ನೊಂದು ಪುಸ್ತಕಕ್ಕೆ ರಕ್ಷಾಪುಟವಿರಲಿಲ್ಲ. ಹೆಸರೂ ಇಲ್ಲ, ಕರ್ತೃವೂ ಇಲ್ಲ. ಮಧ್ಯಾಹ್ನದ ಊಟದ ಬಳಿಕ ಮಗಳು ಗಟ್ಟಿಯಾಗಿ ಓದುವುದು, ಅಜ್ಜಿ ಸಂಡಿಗೆಯ ಕಾವಲಿನ ನಡುವೆ ಕೇಳುವುದು ಎಂದಾಯಿತು. ಮಲೆನಾಡಿನ ಒಂದು ದೊಡ್ಡ ಮನೆ, ಮಳೆ, ಮುರಿದ ಸಂಕ, ವಿಷ ಸೇರಿದ ಹಾಲು. ಒಳಗಿದ್ದವರು ಐವರು: ತಮ್ಮ, ಗುಮಾಸ್ತ, ವೈದ್ಯ, ದೂರದ ನೆಂಟ, ಅಡಿಗೆಯವನು. ಐದನೆಯ ದಿನ ಪತ್ತೇದಾರನು ಎಲ್ಲರನ್ನೂ ಪಡಸಾಲೆಗೆ ಕರೆಸಿ ಗಂಟಲು ಸರಿಪಡಿಸಿಕೊಂಡನು. ಅಲ್ಲಿಗೆ ಪುಸ್ತಕ ಮುಗಿಯಿತು. ಕೊನೆಯ ಹಾಳೆಗಳು ಎಂದೋ ಉದುರಿಹೋಗಿದ್ದವು. ಇನ್ನೊಂದು ಪ್ರತಿ ಹುಡುಕೋಣವೆಂದರೆ ಅವೆನ್ಯೂ ರಸ್ತೆಗೆ ಬೀಗ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳುವುದಾದರೂ ಹೇಗೆ?

ಎರಡು ದಿನ ಮನೆಯಲ್ಲಿ ಅದೇ ಮಾತು. ಯಜಮಾನರು ವೈದ್ಯನ ಮೇಲೆ ಆರೋಪ ಹೊರಿಸಿದರು. ಅಜ್ಜಿ ದೂರದ ನೆಂಟನನ್ನು ಹಿಡಿದರು. ವಾರಗಟ್ಟಲೆ ಬಂದು ಕೂತವರ ಬಗೆಗೆ ಅವರ ಅಭಿಪ್ರಾಯ ಮೊದಲಿನಿಂದಲೂ ಒಳ್ಳೆಯದಲ್ಲ. ಮಗಳು ಅಡಿಗೆಯವನೆಂದಳು; ಹಾಲು ಕಾಯಿಸಿದವನು ಅವನೇ ಅಲ್ಲವೆ? ಆಗ ಒಳಗಿನಿಂದ ಗೃಹಿಣಿಯ ಧ್ವನಿ ಬಂದಿತು: “ಅವನಂತೂ ಅಲ್ಲ. ಮೂರು ಹೊತ್ತು ಬೇಯಿಸಿ, ಪಾತ್ರೆ ತೊಳೆದು, ಮತ್ತೆ ಕಾಫಿಗಿಡುವವನಿಗೆ ಕೊಲೆ ಮಾಡಲು ಪುರಸೊತ್ತೆಲ್ಲಿ?” ಯಜಮಾನರು ನಕ್ಕರು. ನಕ್ಕವರು ಅವರೊಬ್ಬರೇ ಎಂಬುದು ಸ್ವಲ್ಪ ತಡವಾಗಿ ಅವರಿಗೆ ತಿಳಿಯಿತು.

ಹೊರಗೆ ಸಾವಿನ ಸುದ್ದಿ ದಿನದಿನವೂ ಬರುತ್ತಿದ್ದಾಗ ಒಳಗೆ ಕೊಲೆಯ ಕಥೆಯೇ ಏಕೆ ರುಚಿಸಬೇಕು? ಇದಕ್ಕೆ ಒಂದು ಹಳೆಯ ಸಾಕ್ಷಿಯುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಗಾಥಾ ಕ್ರಿಸ್ಟಿ ಎಂಬ ತರುಣಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ಮಾಡುತ್ತಿದ್ದಳು. ವಿಷಗಳ ಪರಿಚಯ ಅವಳಿಗಾದದ್ದು ಅಲ್ಲಿಯೇ. 1916ರಲ್ಲಿ ಬರೆದ ಅವಳ ಮೊದಲ ಪತ್ತೇದಾರಿ ಕಾದಂಬರಿ ಅಚ್ಚಾದದ್ದು 1920ರಲ್ಲಿ. ಪೊಯ್ರೋ ಎಂಬ ಮೀಸೆಯ ಮಹಾಶಯನಿಗೆ ನೂರು ತುಂಬಿದ ವರ್ಷವೇ ನಮ್ಮ ಲಾಕ್‌ಡೌನಿನ ವರ್ಷವೂ ಆಯಿತು. ಯುದ್ಧ, ಅದರ ಬೆನ್ನಿಗೆ ಇನ್‌ಫ್ಲೂಯೆಂಜಾ. ಲಕ್ಷಗಟ್ಟಲೆ ಮನೆಗಳಲ್ಲಿ ಅಳು ಇನ್ನೂ ನಿಂತಿರಲಿಲ್ಲ. ಅಂಥ ಜನವೇ ಹಳ್ಳಿಯ ಬಂಗಲೆಯೊಂದರಲ್ಲಿ ಚಹಾದ ಬಟ್ಟಲಿನ ಪಕ್ಕ ಬಿದ್ದ ಹೆಣದ ಕಥೆಯನ್ನು ಆಸೆಯಿಂದ ಓದಿದರು. ಆ ಕಥೆಯಲ್ಲಿ ಸತ್ತವನು ಒಬ್ಬ, ಅವನು ಸತ್ತುದಕ್ಕೆ ಕಾರಣವೊಂದುಂಟು, ಕಾರಣನಾದವನಿಗೆ ಹೆಸರುಂಟು, ಇನ್ನೂರು ಪುಟಗಳಲ್ಲಿ ಅವನು ಸಿಕ್ಕಿಬೀಳುತ್ತಾನೆ. ರೋಗಾಣುವಿಗೆ ಇವಾವುವೂ ಇಲ್ಲ. ಅದಕ್ಕೆ ಆಸ್ತಿಯ ಆಸೆಯಿಲ್ಲ, ಹಳೆಯ ಹಗೆಯಿಲ್ಲ. ಯಾರನ್ನು ಏಕೆ ಹಿಡಿಯಿತೆಂದು ಕೇಳಿದರೆ ಪಡಸಾಲೆಯಲ್ಲಿ ನಿಂತು ಉತ್ತರ ಹೇಳುವವರಿಲ್ಲ.

ಇದು ಓದುವವರ ಸಮಾಧಾನ. ಓದಲು ಕೂರಲಾಗದವರ ವಿಷಯ ಬೇರೆ. ಯುಗಾದಿಯಿಂದಾಚೆ ಮನೆಗೆಲಸದವರು ಬರಲಿಲ್ಲ; ಬರಲು ಬಸ್ಸಿಲ್ಲ, ಬಂದರೆ ಬಾಗಿಲಲ್ಲಿ ತಡೆ. ಹಾಲಿನ ಪೊಟ್ಟಣವನ್ನು ಸೋಪಿನ ನೀರಿನಲ್ಲಿ ತೊಳೆಯುವುದು, ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಸುವುದು, ನೆಲ, ಬಟ್ಟೆ, ಮೂರರ ಜಾಗದಲ್ಲಿ ಐದು ಹೊತ್ತಿನ ತಿಂಡಿ, ಎಲ್ಲವೂ ಒಂದೇ ಜೊತೆ ಕೈಗಳಿಗೆ ಬಂದವು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕಥೆ ಕೇಳಿದ ಆ ಸುಂದರ ದಿನಗಳನ್ನು ನೆನೆಯುವವರು, ಒಟ್ಟಿಗೆ ಕೂತವರಲ್ಲಿ ಅಡಿಗೆಮನೆಯವಳು ಇದ್ದಳೇ ಎಂದು ಎಣಿಸಿ ನೋಡಬೇಕು. ಪಾತ್ರೆಯ ಪಾಳಿ ಮಗಳಿಗೂ ಯಜಮಾನರಿಗೂ ಬಂದದ್ದು ಅಡಿಗೆಯವನ ಆ ಮಾತಿನ ಮರುದಿನದಿಂದ. ಯಜಮಾನರು ತೊಳೆದ ಕಾಫಿ ಫಿಲ್ಟರು ಮೂರು ದಿನ ಇಳಿಯಲಿಲ್ಲವೆಂಬುದೂ ದಾಖಲೆಗೆ ಸೇರಬೇಕಾದದ್ದೇ.

ಏಪ್ರಿಲ್ ಒಂದರಂದು ದೂರವಾಣಿ ಬಂದಿತು. “ಅಮ್ಮಾ, ನಾನು ಬರಲಾ?” ಎಂದಳು ಕೆಲಸದಾಕೆ. ಅವಳು ಕೇಳಬೇಕೆಂದಿದ್ದುದು ಅದಲ್ಲವೆಂಬುದನ್ನು ಪತ್ತೆ ಹಚ್ಚಲು ಬ್ಯೋಮಕೇಶ ಬೇಕಿರಲಿಲ್ಲ. ಕೆಲಸವಿಲ್ಲದ ತಿಂಗಳಿಗೂ ಸಂಬಳ ಕೊಟ್ಟ ಮನೆಗಳು ಕತ್ರಿಗುಪ್ಪೆಯಲ್ಲಿ ಇದ್ದವು. ಮಾಡದ ಕೆಲಸಕ್ಕೆ ಕೂಲಿಯೇ ಎಂದು ಕೇಳಿದ ಮನೆಗಳೂ ಇದ್ದವು. ತಮ್ಮ ಕಂಪನಿಯಿಂದ ತಿಂಗಳಿಗೆ ತಪ್ಪದೆ ಸಂಬಳ ಬಂದವರಲ್ಲಿಯೂ ಕೆಲವರು ಹೀಗೆ ಕೇಳಿದರೆಂಬುದು ಹೇಳಲು ಹಿತವಾದ ಮಾತಲ್ಲ. ಊಹೆಯ ಈ ಮನೆಯಲ್ಲಿ ಗೃಹಿಣಿ ಯಾರನ್ನೂ ಕೇಳದೆ, “ಬರಬೇಡಮ್ಮ, ದುಡ್ಡು ಮಗಳ ಕೈಲಿ ಫೋನಿನಲ್ಲೇ ಕಳಿಸ್ತೀನಿ,” ಎಂದಳು.

ಪತ್ತೇದಾರಿಯ ಹವ್ಯಾಸ ಪುಸ್ತಕದೊಳಗೇ ನಿಂತಿದ್ದರೆ ಚೆನ್ನಾಗಿತ್ತು. ಕರ್ನಾಟಕದಲ್ಲಿ ಸೋಂಕಿತರಿಗೆ ಸಂಖ್ಯೆಗಳನ್ನು ಕೊಡುತ್ತಿದ್ದರು. ಸಂಜೆಯ ಪ್ರಕಟಣೆಯಲ್ಲಿ ಸಂಖ್ಯೆ, ವಯಸ್ಸು, ಯಾರ ಸಂಪರ್ಕದಿಂದ ಬಂದಿತೆಂಬ ವಿವರ. ಜನ ಅದನ್ನು ಧಾರಾವಾಹಿಯ ಮುಂದಿನ ಕಂತಿನಂತೆ ಓದಿದರು. ಎಲ್ಲಕ್ಕಿಂತ ಗೂಢವಾದದ್ದು ನಂಜನಗೂಡಿನ ಪ್ರಕರಣ. ಅಲ್ಲಿನ ಔಷಧ ಕಾರ್ಖಾನೆಯ ನೌಕರರೊಬ್ಬರು, ರೋಗಿ ಸಂಖ್ಯೆ 52, ವಿದೇಶಕ್ಕೆ ಹೋದವರಲ್ಲ. ಅವರಿಗೆ ಸೋಂಕು ಹೇಗೆ ಬಂದಿತು? ಮೈಸೂರು ಸೀಮೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಆ ಸರಪಣಿಯಲ್ಲಿ ಸಿಲುಕಿದರು. ಚೀನಾದಿಂದ ಬಂದ ಕಚ್ಚಾ ಸಾಮಗ್ರಿಯ ಮೇಲೆ ಸಂದೇಹ ಬಿದ್ದಿತು. ಪರೀಕ್ಷೆಯಲ್ಲಿ ಅದರಲ್ಲಿ ರೋಗಾಣು ಕಾಣಲಿಲ್ಲ. ಸರ್ಕಾರ ತನಿಖೆಗೆ ಹಿರಿಯ ಅಧಿಕಾರಿಯೊಬ್ಬರನ್ನು ನೇಮಿಸಿತು. ಮೂಲ ಮಾತ್ರ ಖಚಿತವಾಗಿ ಗೊತ್ತಾಗಲಿಲ್ಲ. ಇಲ್ಲಿಯೂ ಕೊನೆಯ ಹಾಳೆಗಳಿಲ್ಲ.

ನಿಜವಾದ ಪತ್ತೇದಾರರು ಆಗ ಆಶಾ ಕಾರ್ಯಕರ್ತೆಯರು. ಬಿಸಿಲಿನಲ್ಲಿ ಮನೆಮನೆಗೆ ನಡೆದು, ಬಾಗಿಲಲ್ಲಿಯೇ ನಿಂತು, ಜ್ವರವುಂಟೆ ಕೆಮ್ಮುಂಟೆ ಎಂದು ಬರೆದುಕೊಂಡವರು ಅವರು. ಕಿಟಕಿಯ ಹಿಂದಿನ ಹವ್ಯಾಸಿಗಳು ಬೇರೊಂದು ಜಾತಿ. ಯಾರ ಮನೆಗೆ ವಿದೇಶದ ಮಗ ಬಂದ, ಯಾರ ಕೈ ಮೇಲೆ ಪ್ರತ್ಯೇಕವಾಸದ ಮುದ್ರೆಯಿದೆ, ಯಾರ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ ಎಂಬ ಶೋಧ ಬೀದಿಬೀದಿಯಲ್ಲಿ ನಡೆಯಿತು. ಕೆಮ್ಮಿದವನು ಆರೋಪಿಯಾದನು. ಆ ಚೀಟಿಗಳನ್ನು ಸಕ್ರಮ ಆದೇಶವಿಲ್ಲದೆ ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಎಷ್ಟೋ ಸಂಸಾರಗಳು ಪಕ್ಕದ ಮನೆಯ ನೋಟವನ್ನು ಉಂಡಾಗಿತ್ತು.

ಮೇ 19ರಂದು ಬಸ್ಸುಗಳು ಮತ್ತೆ ಓಡಿದವು. ಕೆಲಸದಾಕೆ ಮುಖಗವಸು ಧರಿಸಿ ಬಂದಳು. ಜೂನ್ 25ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆ ಪ್ರಾರಂಭವಾಯಿತು; ಹುಡುಗಿಯ ಇತಿಹಾಸದ ಪುಸ್ತಕ ಕೊನೆಗೂ ತೆರೆಯಿತು. ರಕ್ಷಾಪುಟವಿಲ್ಲದ ಪುಸ್ತಕದ ಹಿಂದೆ ಅವಳು ಎರಡು ಬಿಳಿ ಹಾಳೆ ಹೊಲಿದು, ಅಜ್ಜಿ ಹೇಳಿದಂತೆಯೇ ದೂರದ ನೆಂಟನನ್ನು ಹಿಡಿಸಿ, ಕಥೆ ಮುಗಿಸಿಟ್ಟಿದ್ದಳು.

ಮರುವರ್ಷ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದಿತು. 27ರ ರಾತ್ರಿಯಿಂದ ರಾಜ್ಯ ಮತ್ತೆ ಬಾಗಿಲು ಹಾಕಿತು. ಈ ಸಲ ಕೋಗಿಲೆಯನ್ನು ಕೇಳಿದವರು ಕಡಿಮೆ. ವರ್ತುಲ ರಸ್ತೆಯಲ್ಲಿ ಹಗಲೂ ರಾತ್ರಿ ಆಂಬುಲೆನ್ಸಿನ ಕೂಗು. ಬನಶಂಕರಿಯ ಚಿತಾಗಾರದ ಮುಂದೆ ವಾಹನಗಳು ಸಾಲುಗಟ್ಟಿದವು. ಆಮ್ಲಜನಕ ಎಲ್ಲಿದೆ, ಹಾಸಿಗೆ ಎಲ್ಲಿದೆ ಎಂಬ ಹುಡುಕಾಟ ಬಿಟ್ಟರೆ ಮನೆಗಳಲ್ಲಿ ಬೇರೆ ಹುಡುಕಾಟವಿರಲಿಲ್ಲ. ಅಟ್ಟದಿಂದ ಆ ಟ್ರಂಕನ್ನು ಇಳಿಸಿರೆಂದು ಅಜ್ಜಿ ಕೇಳಲಿಲ್ಲ. ಇಳಿಸಲೇ ಎಂದು ಮೊಮ್ಮಗಳೂ ಕೇಳಲಿಲ್ಲ.