ಜಲಪಾತದ ಮನೆಯ ಯಜಮಾನ

ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆ ಹೋದ ನಮ್ಮವರಲ್ಲಿ ಅನೇಕರು ಪುಳಿಯೋಗರೆ ಕಟ್ಟಿಸಿಕೊಂಡು, ಮರುದಿನ ಅಲ್ಲಿಗೆ ಸುಮಾರು 70 ಮೈಲಿ ದೂರದ ‘ಫಾಲಿಂಗ್‌ವಾಟರ್’ ಮನೆಯನ್ನೂ ನೋಡಿ ಬರುತ್ತಾರೆ. ಬಂದವರ ಬಾಯಲ್ಲೆಲ್ಲ ಫ್ರಾಂಕ್ ಲಾಯ್ಡ್ ರೈಟನ ಗುಣಗಾನ. ತಪ್ಪೇನಲ್ಲ. ಜಲಪಾತವನ್ನು ಎದುರಿನಿಂದ ನೋಡುವಂಥ ಮನೆ ಸಿಕ್ಕೀತೆಂದು ಕಾದವರಿಗೆ ಜಲಪಾತದ ನೆತ್ತಿಯ ಮೇಲೆಯೇ ಮನೆ ಕಟ್ಟಿಕೊಡುವ ಎದೆಗಾರಿಕೆ ಇನ್ನಾರಿಗಿದ್ದೀತು? ಆದರೆ ಆ ಮನೆ ಇನ್ನೂ ನಿಂತಿರುವ ಪುಣ್ಯದಲ್ಲಿ ದೊಡ್ಡ ಪಾಲು ಮನೆಯ ಯಜಮಾನ ಎಡ್ಗರ್ ಕಾಫ್‌ಮನ್ನನಿಗೆ ಸಲ್ಲಬೇಕೆಂಬುದು ನನ್ನ ವಾದ.

ಕಾಫ್‌ಮನ್ ಪಿಟ್ಸ್‌ಬರ್ಗಿನ ದೊಡ್ಡ ಅಂಗಡಿಯೊಂದರ ಒಡೆಯ. ಹೆಂಡತಿ ಲಿಲಿಯನ್, ಮಗ ಎಡ್ಗರ್ ಜೂನಿಯರ್ ಜೊತೆಗೂಡಿ ವಾರದ ಕೊನೆಗೆ ಈ ಕಾಡಿಗೆ ಬರುವುದು ರೂಢಿ. ಅವರು ಕೂತು ಬಿಸಿಲು ಕಾಯಿಸುತ್ತಿದ್ದ ಬಂಡೆ ಇಂದು ಹಜಾರದ ಒಲೆಯ ಮುಂದೆ ನೆಲದಿಂದೆದ್ದು ನಿಂತಿದೆ. ಹಜಾರದಿಂದಲೇ ಮೆಟ್ಟಿಲಿಳಿದರೆ ಹಳ್ಳದ ನೀರು.

1936ರಲ್ಲಿ ಕೆಲಸ ನಡೆದಿದ್ದಾಗ, ಕೆಳಗೆ ಕಂಬವಿಲ್ಲದೆ ಚಾಚಿದ ಕಾಂಕ್ರೀಟ್ ಜಗಲಿಗೆ ರೈಟ್ ಹೇಳಿದಷ್ಟು ಕಬ್ಬಿಣ ಸಾಲದೆಂದು ಕಾಫ್‌ಮನ್ನನ ಕಡೆಯ ಎಂಜಿನಿಯರುಗಳು ಹೆಚ್ಚು ಸರಳು ಹಾಕಿಸಿದರು. ರೈಟ್ ಕೆಂಡಾಮಂಡಲವಾದ. ಆ ಹೆಚ್ಚಿನ ಕಬ್ಬಿಣವೂ ಸಾಲದೆ ಹೋಯಿತು ಎಂಬುದು ಮುಂದೆ ತಿಳಿಯಿತು. ಅದೂ ಇಲ್ಲದಿದ್ದರೆ ಏನಾಗುತ್ತಿತ್ತೋ!

ಮಳೆಗೆ ಮನೆ ಸೋರುತ್ತಿತ್ತು. ಕಾಫ್‌ಮನ್ ಅದನ್ನು ‘ಏಳು ಬಕೆಟ್ಟಿನ ಮನೆ’ ಎಂದು ಗೇಲಿ ಮಾಡುತ್ತಿದ್ದನಂತೆ. (ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಕಡಿಮೆಯೇ.) ಆದರೆ ಗೇಲಿಗೇ ನಿಲ್ಲಲಿಲ್ಲ. 1941ರಿಂದ ಸರ್ವೇಯರನನ್ನು ಕರೆಸಿ ಜಗಲಿ ಎಷ್ಟು ಬಾಗಿದೆಯೆಂದು ಅಳೆಸುತ್ತ, ಬರೆಸಿಡುತ್ತ ಬಂದ. 1955ರಲ್ಲಿ ಆತ ತೀರಿಕೊಂಡ. ಅಳತೆ ನಿಂತಿತು, ಬಾಗುವುದು ನಿಲ್ಲಲಿಲ್ಲ.

1963ರಲ್ಲಿ ಮಗ ಮನೆಯನ್ನು ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿಗೆ ಒಪ್ಪಿಸಿದ. ತೊಂಬತ್ತರ ದಶಕದಲ್ಲಿ ಪರೀಕ್ಷಿಸಿದಾಗ ಜಗಲಿ ಸುಮಾರು 7 ಅಂಗುಲ ಕುಸಿದಿತ್ತು. 1997ರಲ್ಲಿ ಊರೆ ಕೊಟ್ಟರು. 2002ರಲ್ಲಿ ಹಜಾರದ ನೆಲಗಲ್ಲುಗಳನ್ನೆಬ್ಬಿಸಿ, ತೊಲೆಗಳ ಬದಿಗೆ ಉಕ್ಕಿನ ಕೇಬಲ್ ಹಾಯಿಸಿ ಬಿಗಿದರು. ಕಲ್ಲುಗಳು ಮತ್ತೆ ತಮ್ಮ ತಮ್ಮ ಜಾಗಕ್ಕೇ ಬಂದವು. ಮನೆ, ಅತಿಥಿಗೃಹ ಎರಡಕ್ಕೂ ಸೇರಿ ಕಟ್ಟಲು ಆಗಿದ್ದು 1,55,000 ಡಾಲರು. ಈ ದುರಸ್ತಿಗೆ ಕೋಟಿಗೂ ಮೀರಿ.

ಬಲವಂತವಾಗಿ ಮಟ್ಟಕ್ಕೆ ತಂದರೆ ಕಿಟಕಿ, ಕಲ್ಲು ಬಿರಿದಾವೆಂದು ಬಾಗನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಅದೇ ಸರಿ. ಹೊಸದರಂತೆ ಕಾಣಿಸುವುದೇ ಜೀರ್ಣೋದ್ಧಾರವೆಂದು ತಿಳಿಯುವ ನಮ್ಮವರು ಇದನ್ನು ಗಮನಿಸಬೇಕು.

ಸಂಘಗಳಲ್ಲಿ ಭವನ ಕಟ್ಟುವ ಮಾತೆದ್ದರೆ ಚೆಕ್ಕುಗಳು ಬರುತ್ತವೆ, ಗೋಡೆಯ ಮೇಲೆ ಹೆಸರೂ ಏರುತ್ತದೆ. ಮಾಡು ಸೋರಿದಾಗ ಏಣಿ ಹತ್ತುವವನು ಖಜಾಂಚಿಯೊಬ್ಬನೇ. ದುರಸ್ತಿಗೆಂದು ಬೇರೆ ನಿಧಿ ಎತ್ತಿಡದೆ ಭವನದ ನಕ್ಷೆಯನ್ನು ಯಾರೂ ಸಭೆಯ ಮುಂದಿಡಬಾರದು.

ಮುಂದಿನ ಸಲ ಆ ಕಡೆ ಹೋದರೆ ಜಗಲಿಯ ಅಂಚನ್ನು ಪಕ್ಕದಿಂದ ನಿಂತು ನೋಡಿ.