ಹಾಡುವುದು ಯಂತ್ರ, ಕಂಠ ಯಾರದು?



ಈಚೆಗೆ ನಮ್ಮ ವಾಟ್ಸಾಪ್ ಬಳಗಗಳಲ್ಲಿ ಹಾಡುಗಳ ಸುರಿಮಳೆಯಾಗುತ್ತಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೊಂದು, ಊರ ಜಾತ್ರೆಗೊಂದು, ನಿವೃತ್ತರಾದ ಮೇಷ್ಟ್ರಿಗೊಂದು. ನಾಲ್ಕು ಸಾಲು ಬರೆದು ಕೊಟ್ಟರೆ ಸುನೋದಂತಹ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಕೆಲವೇ ನಿಮಿಷಗಳಲ್ಲಿ ರಾಗ, ತಾಳ, ವಾದ್ಯ, ಗಾಯಕ ಎಲ್ಲವನ್ನೂ ಜೋಡಿಸಿ ಕೊಡುತ್ತವೆ. ಇದನ್ನು ನಾವು ಹಳಿಯಲು ಹೊರಟಿಲ್ಲ. ಕವಿತೆ ಬರೆದು ಟ್ರಂಕಿನಲ್ಲಿ ಮಡಗಿದವರು ಗಡಿನಾಡಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಸಂಘದ ಕಾರ್ಯದರ್ಶಿಗಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಾರದು. ರಾಗ ಹಾಕುವವರು ಸಿಗದೆ, ಸ್ಟುಡಿಯೋಗೆ ಕೊಡಲು ದುಡ್ಡಿಲ್ಲದೆ ಉಳಿದ ಸಾಲುಗಳು ಈಗ ಕಿವಿಗೆ ಬೀಳುತ್ತಿವೆ. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಸಿನಿಮಾವನ್ನೇ ಹೀಗೆ, ನಟರಿಲ್ಲದೆ, ಸುಮಾರು 10 ಲಕ್ಷ ರೂಪಾಯಿ ಖರ್ಚಿನಲ್ಲಿ ಮಾಡಿದ್ದಾರೆಂದು ಪತ್ರಿಕೆಗಳಲ್ಲಿ ಬಂತು.

ಆದರೆ ಕಾರ್ಯಕಾರಿ ಸಮಿತಿಯ ಮುಂದೆ ಬಂದ ಪ್ರಶ್ನೆ ಬೇರೆ. ಕಾಸರಗೋಡಿನ ಕಡೆಯ ಸದಸ್ಯರೊಬ್ಬರು ಸಂಘದಲ್ಲಿರುವ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಕೇಳಿದರು. ತೀರಿಹೋದ ಭಾಗವತರೊಬ್ಬರ ಕಂಠವನ್ನು ಯಂತ್ರಕ್ಕೆ ಕಲಿಸಿ, ರಾಜ್ಯೋತ್ಸವದ ದಿನ ಹೊಸ ಹಾಡೊಂದನ್ನು ಅದೇ ಕಂಠದಲ್ಲಿ ಕೇಳಿಸಬೇಕೆಂಬುದು ಅವರ ಆಸೆ. ಕೇಳಿದ್ದು ಅಭಿಮಾನದಿಂದಲೇ. ಸ್ವಚ್ಛವಾಗಿ ಮುದ್ರಿತವಾದ ಕೆಲವು ನಿಮಿಷಗಳ ಧ್ವನಿ ಇದ್ದರೆ ಈ ಕೆಲಸ ಆಗುತ್ತದಂತೆ. ಸಮಿತಿ ಎರಡು ಸಭೆಗಳಲ್ಲಿ ಇದನ್ನು ಚರ್ಚಿಸಿತು. ಅಲ್ಲಿ ಬಂದ ಮಾತುಗಳು ಎಲ್ಲ ಊರಿನ ಸದಸ್ಯರಿಗೂ ಬೇಕಾದವು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಸಿನಿಮಾ ಲೋಕದಲ್ಲಿ ಇದು ಈಗಾಗಲೇ ಆಗಿದೆ, ಎರಡು ಬಗೆಯಲ್ಲಿ. 2024ರ ತಮಿಳು ಚಿತ್ರ ‘ಲಾಲ್ ಸಲಾಂ’ನ ಒಂದು ಹಾಡಿಗೆ ಎ.ಆರ್. ರೆಹಮಾನ್ ಅವರು ತೀರಿಹೋದ ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ಕಂಠಗಳನ್ನು ಕೃತಕ ಬುದ್ಧಿಮತ್ತೆಯಿಂದ ಮತ್ತೆ ತಂದರು. ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟೇ ಮಾಡಿದ್ದೇವೆಂದು ಅವರೇ ಹೇಳಿದರು. ಅದೇ ವರ್ಷ, ತೆಲುಗಿನ ‘ಕೀಡಾ ಕೋಲಾ’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ಕುಟುಂಬವನ್ನು ಕೇಳದೆ ಹೀಗೆ ಬಳಸಲಾಗಿದೆ ಎಂದು ಮಗ ಎಸ್.ಪಿ. ಚರಣ್ ಕಾನೂನು ನೋಟಿಸ್ ಕಳುಹಿಸಿದರು. ತಂತ್ರ ಎರಡು ಕಡೆಯೂ ಒಂದೇ ಬಗೆಯದು. ತಕರಾರು ಎದ್ದದ್ದು ಒಪ್ಪಿಗೆಯ ವಿಷಯದಲ್ಲಿ.

ಕಾನೂನು ಏನು ಹೇಳುತ್ತದೆ? ಕಡತಗಳ ನಡುವೆ ಜೀವ ಸವೆಸಿದ ಗುಮಾಸ್ತರಿಗೆ ಕಾಯ್ದೆ ಓದುವ ಚಟ ಬಿಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಪ್ರದರ್ಶಕ ಎಂದರೆ ಯಾರೆಂಬ ಪಟ್ಟಿಯಲ್ಲಿ ನಟ, ಗಾಯಕ, ನರ್ತಕರ ಜೊತೆಗೆ ಹಾವಾಡಿಗನೂ ಇದ್ದಾನೆ, ಉಪನ್ಯಾಸ ಮಾಡುವವನೂ ಇದ್ದಾನೆ. ನಮ್ಮ ಭಾಗವತರು, ಅರ್ಥಧಾರಿಗಳು ಇದರೊಳಗೆ ಬಂದೇ ಬರುತ್ತಾರೆ. ಈಗ ಈ ಹಕ್ಕು 50 ವರ್ಷ ಇರುತ್ತದೆ. ತನ್ನ ಪ್ರದರ್ಶನವನ್ನು ತಿರುಚಿ ಹೆಸರು ಕೆಡಿಸಿದರೆ ಆಕ್ಷೇಪಿಸುವ ಹಕ್ಕೂ 2012ರಲ್ಲಿ ಸೇರಿತು. ಆದರೆ ಇವೆಲ್ಲ ಆ ದಿನ ನಡೆದ ಪ್ರದರ್ಶನಕ್ಕೆ ಸಂಬಂಧಿಸಿದವು. ಹಾಡಿದ್ದನ್ನು ಹಾಗೇ ಬಿಟ್ಟು, ಕಂಠವನ್ನು ಮಾತ್ರ ಎತ್ತಿಕೊಂಡು ಹೊಸತನ್ನು ಹಾಡಿಸಿದರೆ ಹೇಗೆಂದು ಕಾಯ್ದೆ ಬಿಡಿಸಿ ಹೇಳಿಲ್ಲ. 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಒಪ್ಪಿಗೆಯಿಲ್ಲದೆ ಅವರ ಕಂಠವನ್ನು ಹೀಗೆ ಬಳಸದಂತೆ ಮಧ್ಯಂತರ ಆದೇಶ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಕುಂಬಳೆಯ ಹಳ್ಳಿಯ ಭಾಗವತರ ಮನೆಯವರು, ಜತ್ತದ ಗೀಗೀ ಮೇಳದವರು ಹೈಕೋರ್ಟಿಗೆ ಹೋಗುತ್ತಾರೆಯೇ? ವಕೀಲರ ಫೀಸಿನಲ್ಲಿ ಒಂದು ಮೇಳವನ್ನೇ ವರ್ಷವಿಡೀ ನಡೆಸಬಹುದು!

ಅರ್ಥಧಾರಿಗಳ ವಿಷಯದಲ್ಲಿ ನಮ್ಮ ಆತಂಕ ಇನ್ನೂ ಹೆಚ್ಚು. ಹೊಸೂರು, ಆದೋನಿಯ ಸದಸ್ಯರಿಗಾಗಿ ಒಂದು ಮಾತು: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ, ಎದುರಿನವರು ಉತ್ತರ ಕೊಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ. ಅವರ ವಾಲಿಯ ಅರ್ಥವನ್ನು ಇಂದಿಗೂ ಧ್ವನಿಮುದ್ರಿಕೆಯಲ್ಲಿ ಹುಡುಕಿ ಕೇಳುವವರಿದ್ದಾರೆ. ಕೇಳುವುದು ದನಿಗಾಗಿ ಮಾತ್ರವಲ್ಲ. ರಾಮನ ಬಾಣಕ್ಕೆ ವಾಲಿ ಏನು ವಾದ ಹೂಡಿದ, ಅದಕ್ಕೆ ಆ ದಿನದ ರಾಮ ಏನು ಹೇಳಿದ ಎಂಬುದಕ್ಕಾಗಿ. ಅಲ್ಲಿರುವುದು ಅರ್ಥಧಾರಿಯ ಓದು, ಅವರ ನಿಲುವು. ಅಂಥವರ ದನಿಯಲ್ಲಿ ಅವರು ಹೂಡದ ವಾದವನ್ನು, ನಾಳೆ ಯಾವುದೋ ಪಕ್ಷದ ಭಾಷಣವನ್ನೇ, ಯಂತ್ರ ಹೇಳಿಬಿಟ್ಟರೆ? ಈಗ ಹಿರಿಯರು ಕೇಳಿ “ಇದು ಅವರ ಮಾತಲ್ಲ” ಎಂದಾರು. ಇಪ್ಪತ್ತು ವರ್ಷ ಕಳೆದ ಮೇಲೆ ಹೇಳುವವರು ಯಾರು? ನಿಜವಾದ ಕ್ಯಾಸೆಟ್ಟಿನ ಮೇಲೂ ಅನುಮಾನ ಬಂದೀತು. ನಮ್ಮಲ್ಲಿ ಬಹುಪಾಲು ಕಲೆಗೆ ದಾಖಲೆ ಎಂದಿರುವುದು ಈ ಕ್ಯಾಸೆಟ್ಟುಗಳೇ.

ಇನ್ನೊಂದು ಸಂಗತಿಯನ್ನೂ ಸದಸ್ಯರು ಗಮನಿಸಿರಬಹುದು. ಯಂತ್ರ ಬರೆದ ಹಾಡು ಸೊಲ್ಲಾಪುರದಿಂದ ಬಂದರೂ ತಾಳವಾಡಿಯಿಂದ ಬಂದರೂ ಒಂದೇ ಥರದ ಪತ್ರಿಕೆಯ ಕನ್ನಡದಲ್ಲಿರುತ್ತದೆ. “ಬರ್ರೆಲಾ” ಎನ್ನುವವರೂ “ಎಂತ ಮಾರಾಯ” ಎನ್ನುವವರೂ ಅದರಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಓದಲು ಸಿಕ್ಕಿದ್ದರಲ್ಲಿ ನಮ್ಮ ಮಾತು ಕಡಿಮೆ, ಅಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಆಡುಮಾತನ್ನು ಸಂಗ್ರಹಿಸುತ್ತಿದೆ. ಜಿಲ್ಲೆಯನ್ನು ಹಿಡಿದು ಹೊರಟಿರುವುದು ಗಡಿಯ ಕನ್ನಡಿಗರಿಗೆ ಅನುಕೂಲ. ನಮ್ಮ ಮಾತು ರಾಜ್ಯದ ಲೆಕ್ಕದಲ್ಲಿ ಕಳೆದುಹೋಗದು. ಕಂಠ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಕೇಳಿ ಪಡೆಯಲಿ, ಏತಕ್ಕೆಂದು ಹೇಳಿ ಪಡೆಯಲಿ.

ಸಮಿತಿಯ ತೀರ್ಮಾನ ಹೀಗಿದೆ. ಆ ಭಾಗವತರ ಮನೆಯವರನ್ನು ಕಂಡು ಕೇಳುವವರೆಗೆ ಕ್ಯಾಸೆಟ್ ಕೊಡುವುದಿಲ್ಲ. ಅವರು ಒಪ್ಪಿ ಬರೆದುಕೊಟ್ಟರೆ ಹಾಡು ಆಗಲಿ, ಹಾಡಿಸುವ ಮೊದಲು ಇದು ಯಂತ್ರದ ದನಿ ಎಂದು ಸಭೆಗೆ ಹೇಳಬೇಕು. ಸದಸ್ಯರಲ್ಲಿ ಕೆಲವರಿಗೆ ಇದು ಬಿಗಿಯಾಯಿತು ಎನಿಸಿದೆ. ಇರಲಿ. ರಾಜ್ಯೋತ್ಸವದ ಸ್ವರಚಿತ ಹಾಡಿನ ಸ್ಪರ್ಧೆಯಲ್ಲಿ ಯಂತ್ರದಿಂದ ರಾಗ ಹಾಕಿಸಿದವರೂ ಭಾಗವಹಿಸಬಹುದು. ಸಾಹಿತ್ಯ ಮಾತ್ರ ತಮ್ಮದೇ ಆಗಿರಬೇಕು. ಪ್ರವೇಶ ಪತ್ರದಲ್ಲಿ ಅದಕ್ಕೊಂದು ಕಲಂ ಸೇರಿಸಿದ್ದೇವೆ. ತಮ್ಮ ಊರಿನ ಮಾತಿನಲ್ಲಿ ಬರೆದವರಿಗೆ ಪ್ರತ್ಯೇಕ ಬಹುಮಾನವಿದೆ.

ಹಾಗೆಯೇ ಮನೆಯಲ್ಲಿ ತಾಳಮದ್ದಳೆ, ಬಯಲಾಟ, ಭಜನೆ, ಸೋಬಾನೆ ಪದಗಳ ಕ್ಯಾಸೆಟ್ ಇರುವವರು ತಿಳಿಸಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ನೆನಪಿದ್ದಷ್ಟು ಚೀಟಿ ಬರೆದು ಅಂಟಿಸಿ. ದಯವಿಟ್ಟು ಅಂಚೆಯಲ್ಲಿ ಕಳುಹಿಸಬೇಡಿ, ಟೇಪು ಹಾಳಾಗುತ್ತದೆ. ಆ ಕಡೆ ಬರುವ ಸದಸ್ಯರ ಕೈಯಲ್ಲಿ ಕೊಟ್ಟು ಕಳುಹಿಸಿದರೆ ಸಾಕು, ಪ್ರತಿ ಮಾಡಿಕೊಂಡು ಮೂಲವನ್ನು ಹಿಂತಿರುಗಿಸುತ್ತೇವೆ.